ಉಪಗ್ರಹ ಚಿತ್ರದಲ್ಲಿ ನೀಳ ಮರಳುದಿಣ್ಣೆಗಳನ್ನು ಓದುವ ಕ್ರಮ

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯ ಉಪಗ್ರಹ ಚಿತ್ರವನ್ನು ತೆರೆದರೆ ಕೆಂಪು ಮರಳಿನ ಏಣುಗಳು ಒಂದರ ಪಕ್ಕ ಒಂದರಂತೆ, ಬಹುತೇಕ ಸಮಾನಾಂತರವಾಗಿ, ದಕ್ಷಿಣ-ಆಗ್ನೇಯದಿಂದ ಉತ್ತರ-ವಾಯವ್ಯಕ್ಕೆ ಹರಿದಿರುವುದು ಕಾಣುತ್ತದೆ. ಇವುಗಳಲ್ಲಿ ಕೆಲವು 200 ಕಿಲೋಮೀಟರ್‌ವರೆಗೂ ಮುಂದುವರಿಯುತ್ತವೆ. ಹುಬ್ಬಳ್ಳಿಯಿಂದ ಧಾರವಾಡಕ್ಕಿರುವ ದೂರದ ಹತ್ತು ಪಟ್ಟು ಉದ್ದದ ಒಂದೇ ದಿಣ್ಣೆ ಎಂದರೆ ನಮ್ಮ ಭಾಗದವರಿಗೆ ಅದರ ಅಳತೆ ಮನಸ್ಸಿಗೆ ಬಂದೀತು. ನಮೀಬಿಯಾದ ನಮೀಬ್, ಈಜಿಪ್ಟಿನ ಮಹಾ ಮರಳುಸಾಗರ, ಅರೇಬಿಯಾದ ರಬ್ ಅಲ್ ಖಾಲಿ ಮತ್ತು ನಮ್ಮ ಥಾರ್ ಮರುಭೂಮಿಯ ಪಶ್ಚಿಮ ಭಾಗದಲ್ಲಿಯೂ ಇಂಥ ದಿಣ್ಣೆಗಳಿವೆ. ಭೂಗೋಳದ ಪಾಠಗಳಲ್ಲಿ ಇವುಗಳನ್ನು ಗಾಳಿಯ ದಿಕ್ಕಿಗೆ ಸಮಾನಾಂತರವಾದ ದಿಣ್ಣೆಗಳೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಆ ಸಾಲು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಒಂದೇ ದಿಕ್ಕಿನಿಂದ ಬೀಸುವ ಗಾಳಿಯು ಸಾಮಾನ್ಯವಾಗಿ ತನಗೆ ಅಡ್ಡಲಾಗಿ ನಿಲ್ಲುವ ದಿಣ್ಣೆಯನ್ನು ಕಟ್ಟುತ್ತದೆಯೇ ಹೊರತು ತನ್ನ ಉದ್ದಕ್ಕೆ ಹರಿಯುವ ದಿಣ್ಣೆಯನ್ನಲ್ಲ. ನೀಳ ದಿಣ್ಣೆಯು ಬಹುಪಾಲು ಎರಡು ಗಾಳಿಗಳ ಕೂಡು ಕೆಲಸವಾಗಿದ್ದು, ಆ ಎರಡನ್ನೂ ಹುಡುಕಿ ತೆಗೆಯುವುದೇ ಅದನ್ನು ಓದುವುದರ ಸಾರ.

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಶಿಕ್ಷಕರೂ ವಿದ್ಯಾರ್ಥಿಗಳೂ ಮರುಭೂಮಿಗೆ ಹೋಗದೆಯೇ ಈ ಕೆಲಸವನ್ನು ಮಾಡಬಹುದು. ಗೂಗಲ್ ಅರ್ಥ್ ಇರುವ ಒಂದು ಕಂಪ್ಯೂಟರ್, ಒಂದು ಕಂಪಾಸ್ ಪೆಟ್ಟಿಗೆ, ಬಿಳಿ ಹಾಳೆ, ಒಂದು ಸ್ಟ್ಯಾಂಡ್ ಫ್ಯಾನ್ ಮತ್ತು ಒಂದು ಬುಟ್ಟಿ ಸಣ್ಣ ಉಸುಕು ಇದಕ್ಕೆ ಸಾಕು. ಥಾರ್ ಮರುಭೂಮಿಯನ್ನು ನೋಡುವವರು ಇಸ್ರೋದ ಭುವನ್ ತಾಣವನ್ನೂ ಬಳಸಬಹುದು.

ಚಿತ್ರ ತಲೆಕೆಳಗಾಗಿ ಕಾಣದಂತೆ ನೋಡಿಕೊಳ್ಳುವುದು

ಅಳತೆಗೆ ತೊಡಗುವ ಮುನ್ನ ಕಣ್ಣಿನ ಒಂದು ಮೋಸವನ್ನು ನಿವಾರಿಸಿಕೊಳ್ಳಬೇಕು. ಬೆಳಕು ಮೇಲಿನಿಂದ ಬೀಳುತ್ತದೆ ಎಂಬ ಎಣಿಕೆ ನಮ್ಮ ಕಣ್ಣಿಗೆ ರೂಢಿಯಾಗಿದೆ. ಲ್ಯಾಂಡ್‌ಸ್ಯಾಟ್‌ನಂಥ ಉಪಗ್ರಹಗಳು ಸ್ಥಳೀಯ ವೇಳೆ ಬೆಳಿಗ್ಗೆ ಹತ್ತರ ಆಸುಪಾಸಿನಲ್ಲಿ ಚಿತ್ರ ತೆಗೆಯುವುದರಿಂದ ಕರ್ಕಾಟಕ ವೃತ್ತಕ್ಕಿಂತ ಉತ್ತರದ ಮರುಭೂಮಿಗಳಲ್ಲಿ ಸೂರ್ಯನು ಆಗ್ನೇಯದಲ್ಲಿ, ಅಂದರೆ ಚಿತ್ರದ ಕೆಳಗಿನ ಬಲಮೂಲೆಯ ಕಡೆ ಇರುತ್ತಾನೆ. ಆಗ ಈಜಿಪ್ಟಿನ ಅಥವಾ ಥಾರ್‌ನ ದಿಣ್ಣೆಯು ಕಾಲುವೆಯಂತೆಯೂ, ದಿಣ್ಣೆಗಳ ನಡುವಿನ ಓಣಿಯು ಏಣಿನಂತೆಯೂ ಕಾಣುವ ಸಂಭವವಿದೆ. ದಕ್ಷಿಣವು ಮೇಲೆ ಬರುವಂತೆ ಚಿತ್ರವನ್ನು ತಿರುಗಿಸಿದರೆ ಈ ತೊಂದರೆ ತಪ್ಪುತ್ತದೆ. ನಮೀಬ್ ಮತ್ತು ಸಿಂಪ್ಸನ್ ದಕ್ಷಿಣ ಗೋಳಾರ್ಧದಲ್ಲಿದ್ದು ಅಲ್ಲಿ ಬೆಳಕು ಬಹುತೇಕ ಉತ್ತರದ ಕಡೆಯಿಂದ ಬೀಳುವುದರಿಂದ ಅಲ್ಲಿ ತಿರುಗಿಸುವ ಅಗತ್ಯ ಬೀಳುವುದಿಲ್ಲ. ಆದ್ದರಿಂದ ಹೊಸಬರು ಆ ಎರಡರಿಂದ ಅಭ್ಯಾಸ ಆರಂಭಿಸುವುದು ಒಳ್ಳೆಯದು. ಸಿಂಪ್ಸನ್‌ಗೆ 25 ಡಿಗ್ರಿ ದಕ್ಷಿಣ ಅಕ್ಷಾಂಶ, 137 ಡಿಗ್ರಿ ಪೂರ್ವ ರೇಖಾಂಶದ ಸುತ್ತಲೂ, ನಮೀಬ್‌ಗೆ 24.5 ಡಿಗ್ರಿ ದಕ್ಷಿಣ, 15 ಡಿಗ್ರಿ ಪೂರ್ವದ ಸುತ್ತಲೂ ಹುಡುಕಬೇಕು.

ಇದು ನೀಳ ದಿಣ್ಣೆಯೇ ಎಂದು ಖಚಿತಪಡಿಸಿಕೊಳ್ಳುವುದು

ಉದ್ದವಾಗಿ ಕಾಣುವುದೆಲ್ಲ ನೀಳ ದಿಣ್ಣೆಯಲ್ಲ. ಗಾಳಿಗೆ ಅಡ್ಡಲಾಗಿ ನಿಲ್ಲುವ ದಿಣ್ಣೆಯೂ ಕೆಲವೆಡೆ ಕಿಲೋಮೀಟರ್‌ಗಟ್ಟಲೆ ಹರಡಿರುತ್ತದೆ. ಆದರೆ ಅದರ ಒಂದು ಬದಿ ಸೌಮ್ಯವಾಗಿದ್ದು ಇನ್ನೊಂದು ಬದಿಯು ಮರಳು ತಾನಾಗಿ ಜಾರುವ 32-34 ಡಿಗ್ರಿ ಕಡಿದಾಗಿರುತ್ತದೆ, ಮತ್ತು ಆ ಜಾರುಬದಿಯು ಸಾಲಿನುದ್ದಕ್ಕೂ ಒಂದೇ ಕಡೆಗೆ ಮುಖ ಮಾಡಿರುತ್ತದೆ. ನೀಳ ದಿಣ್ಣೆಯಲ್ಲಿ ಜಾರುಬದಿಯು ಒಂದು ಋತುವಿನಲ್ಲಿ ಎಡಕ್ಕೂ ಇನ್ನೊಂದು ಋತುವಿನಲ್ಲಿ ಬಲಕ್ಕೂ ಬದಲಾಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಸೌಲಭ್ಯವಿದ್ದು, ಒಂದೇ ಜಾಗದ ಬೇಸಿಗೆಯ ಮತ್ತು ಚಳಿಗಾಲದ ಚಿತ್ರಗಳನ್ನು ಹೋಲಿಸಿದಾಗ ಏಣಿನ ನೆತ್ತಿ ಅತ್ತಿತ್ತ ಸರಿದಿರುವುದು ಕೆಲವೊಮ್ಮೆ ಸ್ಪಷ್ಟವಾಗಿ ಸಿಗುತ್ತದೆ. ಏಣು ಚೂಪಾಗಿದ್ದು ಹಾವಿನ ನಡೆಯಂತೆ ಬಳುಕಿದ್ದರೆ ಅದನ್ನು ಸೈಫ್ ದಿಣ್ಣೆ ಎನ್ನುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ ಗಿಡಗಂಟಿಗಳಿರುವುದಿಲ್ಲ. ಸಿಂಪ್ಸನ್‌ನಲ್ಲಿರುವಂತೆ ನೇರವಾಗಿ, ಇಬ್ಬದಿಗಳಲ್ಲಿ ಹುಲ್ಲು ಹಿಡಿದು, ನೆತ್ತಿ ಮಾತ್ರ ಬರಿದಾಗಿರುವ ದಿಣ್ಣೆಗಳು ಇನ್ನೊಂದು ಬಗೆ.

ಇರಾನಿನ ಲೂತ್ ಮರುಭೂಮಿಯಲ್ಲಿಯೂ ಸಮಾನಾಂತರ ಏಣುಗಳಿವೆ, ಆದರೆ ಅವು ಮರಳು ಕೂಡಿ ಆದವುಗಳಲ್ಲ, ಗಾಳಿಯು ಗಟ್ಟಿ ನೆಲವನ್ನು ಕೊರೆದು ಉಳಿಸಿದ ಯಾರ್ಡಾಂಗ್‌ಗಳು. ಗಾಳಿಗೆ ಎದುರಾದ ತುದಿ ಮೊಂಡಾಗಿ, ಹಿಂದಿನ ತುದಿ ಸಪೂರವಾಗಿ ಇರುವುದರಿಂದ ಅವುಗಳನ್ನು ಬೇರ್ಪಡಿಸಬಹುದು. ಇವುಗಳಲ್ಲಿ ಒಂದೇ ಗಾಳಿಯ ಕೈವಾಡವಿರುವುದರಿಂದ ಮುಂದೆ ಹೇಳುವ ಲೆಕ್ಕವನ್ನು ಇವಕ್ಕೆ ಹಚ್ಚಬಾರದು.

ಅಳತೆ ತೆಗೆಯುವುದು

ದಿಣ್ಣೆಗಳ ನಡುವಿನ ಅಂತರವನ್ನು ಒಂದೇ ಜೋಡಿಯಿಂದ ತೆಗೆಯಬಾರದು. ಏಣುಗಳಿಗೆ ಲಂಬವಾಗಿ ರೂಲರ್ ಉಪಕರಣದಿಂದ ಒಂದು ಗೆರೆ ಎಳೆದು, ಅದು 11 ಏಣುಗಳನ್ನು ದಾಟುವಂತೆ ಮಾಡಿ, ಮೊದಲ ನೆತ್ತಿಯಿಂದ ಕೊನೆಯ ನೆತ್ತಿಗಿರುವ ದೂರವನ್ನು 10ರಿಂದ ಭಾಗಿಸಬೇಕು. ನಮೀಬ್‌ನ ದೊಡ್ಡ ದಿಣ್ಣೆಗಳಲ್ಲಿ ಈ ಅಂತರ ಸುಮಾರು 2 ಕಿಲೋಮೀಟರ್ ಬರುತ್ತದೆ; ಸಿಂಪ್ಸನ್‌ನಲ್ಲಿ ಹೆಚ್ಚಾಗಿ ಅದು ಒಂದು ಕಿಲೋಮೀಟರ್‌ನೊಳಗೇ ಇರುತ್ತದೆ. ಎತ್ತರವನ್ನು ಅದೇ ಗೆರೆಯ ಎಲಿವೇಶನ್ ಪ್ರೊಫೈಲ್‌ನಿಂದ ಓದಬಹುದು. ನಮೀಬ್‌ನಲ್ಲಿ 50ರಿಂದ 150 ಮೀಟರ್ ಎತ್ತರದ ಏಣುಗಳಿವೆ, ಸಿಂಪ್ಸನ್‌ನಲ್ಲಿ ಬಹುತೇಕ 10ರಿಂದ 40 ಮೀಟರ್. ಒಂದು ಎಚ್ಚರಿಕೆ ಇಲ್ಲಿ ಅಗತ್ಯ: ಇಂಥ ಎತ್ತರದ ಮಾಹಿತಿಯಲ್ಲಿ ಬಹುಭಾಗವು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಸಮೀಕ್ಷೆಯದಾಗಿದ್ದು, ಅದರಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು 30 ಮೀಟರ್. ಚೂಪಾದ ನೆತ್ತಿಯು ಆ ಚುಕ್ಕಿಯೊಳಗೆ ಸವೆದುಹೋಗುವುದರಿಂದ ಸಣ್ಣ ದಿಣ್ಣೆಗಳ ಎತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ.

ದಿಕ್ಕನ್ನು ಉತ್ತರದಿಂದ ಬಲಕ್ಕೆ ಎಣಿಸಿ ಡಿಗ್ರಿಯಲ್ಲಿ ಬರೆಯಬೇಕು. ಗೆರೆಗೆ ಎರಡು ತುದಿಗಳಿರುವುದರಿಂದ 160 ಎಂದರೂ 340 ಎಂದರೂ ದಿಣ್ಣೆ ಅದೇ. ಮರಳು ಯಾವ ತುದಿಯ ಕಡೆಗೆ ಸಾಗುತ್ತಿದೆ ಎಂಬುದನ್ನು ಬೇರೆಯಾಗಿ ಕಂಡುಹಿಡಿಯಬೇಕಾಗುತ್ತದೆ. ಇದಕ್ಕೆ ಒಳ್ಳೆಯ ಗುರುತು ಕವಲುಗಳು. ಎರಡು ದಿಣ್ಣೆಗಳು ಕೂಡಿ ಒಂದಾಗುವ ಜಾಗಗಳನ್ನು ಹುಡುಕಿದರೆ, ಸಾಮಾನ್ಯವಾಗಿ ಕವಲಿನ ತೆರೆದ ಬಾಯಿ ಗಾಳಿ ಬರುವ ಕಡೆಗೂ, ಒಂದಾದ ಕಾಂಡವು ಗಾಳಿ ಹೋಗುವ ಕಡೆಗೂ ಇರುತ್ತದೆ. ಸಿಂಪ್ಸನ್‌ನಲ್ಲಿ ಕವಲುಗಳು ದಕ್ಷಿಣದ ಕಡೆ ತೆರೆದಿವೆ, ಆದ್ದರಿಂದ ಮರಳಿನ ಒಟ್ಟು ಪಯಣ ಉತ್ತರ-ವಾಯವ್ಯಕ್ಕೆ. ಒಂದೇ ಕವಲನ್ನು ನಂಬದೆ ಇಪ್ಪತ್ತು ಮೂವತ್ತು ಕವಲುಗಳನ್ನು ಎಣಿಸಿ ಬಹುಮತವನ್ನು ಗಮನಿಸಬೇಕು.

ಎರಡು ಗಾಳಿಗಳನ್ನು ಹುಡುಕುವುದು

ಸಿನಾಯ್ ಮರುಭೂಮಿಯಲ್ಲಿ ಹೈಮ್ ತ್ಸೋರ್ ಅವರು ನೀಳ ದಿಣ್ಣೆಯೊಂದರ ಮೇಲೆ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ದಾರಿದೀಪವಾಗಿದೆ. ಅಲ್ಲಿ ಚಳಿಗಾಲದ ಬಿರುಗಾಳಿ ನೈಋತ್ಯದಿಂದಲೂ ಬೇಸಿಗೆಯ ಕಡಲಗಾಳಿ ವಾಯವ್ಯದ ಕಡೆಯಿಂದಲೂ ಬರುತ್ತವೆ. ಪ್ರತಿ ಗಾಳಿಯೂ ಏಣನ್ನು ಓರೆಯಾಗಿ ಹಾಯುತ್ತದೆ. ನೆತ್ತಿಯನ್ನು ದಾಟಿದ ಮೇಲೆ ಮರೆಬದಿಯಲ್ಲಿ ಅದು ದಾರಿ ಬದಲಿಸಿ ದಿಣ್ಣೆಯ ಉದ್ದಕ್ಕೆ ಹರಿಯತೊಡಗುತ್ತದೆ, ಮತ್ತು ಅಲ್ಲಿ ಬಿದ್ದ ಮರಳನ್ನು ಹಾಗೆಯೇ ಮುಂದಕ್ಕೆ ಸಾಗಿಸುತ್ತದೆ. ಮುಂದಿನ ಋತುವಿನಲ್ಲಿ ಇನ್ನೊಂದು ಬದಿಯಲ್ಲಿ ಇದೇ ನಡೆಯುತ್ತದೆ. ಹೀಗೆ ಅಡ್ಡ ಸರಿತವು ಬಹುಮಟ್ಟಿಗೆ ಎಡ-ಬಲಗಳಲ್ಲಿ ವಜಾ ಆಗುತ್ತದೆ, ಉದ್ದದ ಸಾಗಣೆ ಮಾತ್ರ ಕೂಡುತ್ತಾ ಹೋಗುತ್ತದೆ. ಸುರುಳಿಯಾಗಿ ತಿರುಗುವ ಗಾಳಿಯ ಕೊಳವೆಗಳು ಮರಳನ್ನು ಇಬ್ಬದಿಯಿಂದ ಒತ್ತಿ ಏಣು ಮಾಡುತ್ತವೆ ಎಂಬ ಹಳೆಯ ವಿವರಣೆ ಇಂದಿಗೂ ಕೆಲವು ಪಾಠಗಳಲ್ಲಿದೆ. ಕ್ಷೇತ್ರದ ಅಳತೆಗಳು ಅದಕ್ಕೆ ಗಟ್ಟಿ ಬೆಂಬಲ ಕೊಟ್ಟಿಲ್ಲವಾದ್ದರಿಂದ ತರಗತಿಯಲ್ಲಿ ಅದನ್ನು ಮುಖ್ಯ ಕಾರಣವೆಂದು ಕಲಿಸದಿರುವುದೇ ಸರಿ.

ಗಾಳಿಯ ದಾಖಲೆಯನ್ನು ಓದುವಾಗ ಎರಡು ವಿಷಯಗಳನ್ನು ಮರೆಯಬಾರದು. ಮೊದಲನೆಯದು, ಗಾಳಿಗೆ ಹೆಸರು ಅದು ಬರುವ ದಿಕ್ಕಿನಿಂದ. ನೈಋತ್ಯದ ಗಾಳಿ ಮರಳನ್ನು ಈಶಾನ್ಯಕ್ಕೆ ಒಯ್ಯುತ್ತದೆ. ಎರಡನೆಯದು ಹೆಚ್ಚು ಮಹತ್ವದ್ದು. ಎಲ್ಲ ಗಾಳಿಯೂ ಮರಳನ್ನು ಎಬ್ಬಿಸುವುದಿಲ್ಲ. ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದ ವೇಗವು ಸುಮಾರು 12 ನಾಟ್, ಅಂದರೆ ಗಂಟೆಗೆ 22 ಕಿಲೋಮೀಟರ್ ಮುಟ್ಟುವವರೆಗೆ ಒಣ ಮರಳು ಅಲುಗುವುದಿಲ್ಲವೆಂದೇ ಲೆಕ್ಕ. ಆ ಮಿತಿಯನ್ನು ದಾಟಿದ ಮೇಲೆ ಸಾಗಣೆಯು ವೇಗದೊಂದಿಗೆ ಬಹಳ ಬೇಗ ಏರುತ್ತದೆ ಎಂಬುದನ್ನು ಲಿಬಿಯಾ ಮರುಭೂಮಿಯಲ್ಲಿ ಸುತ್ತಾಡಿ, ಲಂಡನ್ನಿನಲ್ಲಿ ಗಾಳಿ ಸುರಂಗ ಕಟ್ಟಿ ಪರೀಕ್ಷಿಸಿ, 1941ರಲ್ಲಿ ಪ್ರಕಟಿಸಿದವರು ರಾಲ್ಫ್ ಬ್ಯಾಗ್ನಾಲ್ಡ್. 1979ರಲ್ಲಿ ಫ್ರೈಬರ್ಗರ್ ಅವರು ಬಳಕೆಗೆ ತಂದ ಸರಳ ಲೆಕ್ಕವನ್ನು ವಿದ್ಯಾರ್ಥಿಗಳೂ ಮಾಡಬಹುದು: ನಾಟ್‌ನಲ್ಲಿರುವ ವೇಗದ ವರ್ಗವನ್ನು, ಆ ವೇಗದಿಂದ 12 ಕಳೆದು ಉಳಿದ ಸಂಖ್ಯೆಯಿಂದ ಗುಣಿಸಿ, ಅದನ್ನು ಆ ಗಾಳಿ ಬೀಸಿದ ಕಾಲದಿಂದ ಗುಣಿಸಬೇಕು. 15 ನಾಟ್ ಗಾಳಿಗೆ 225 ಗುಣಿಲೆ 3, ಅಂದರೆ 675 ಬರುತ್ತದೆ. 24 ನಾಟ್ ಗಾಳಿಗೆ 576 ಗುಣಿಲೆ 12, ಅಂದರೆ 6912. ಒಂದು ದಿನದ ಜೋರು ಗಾಳಿಯು ಹತ್ತು ದಿನಗಳ ಸಾಧಾರಣ ಗಾಳಿಗೆ ಸಮ. ಆದ್ದರಿಂದ ವರ್ಷದಲ್ಲಿ ಹೆಚ್ಚು ದಿನ ಬೀಸುವ ಗಾಳಿಯನ್ನೇ ದಿಣ್ಣೆ ಕಟ್ಟಿದ ಗಾಳಿ ಎಂದು ಭಾವಿಸುವುದು ತಪ್ಪಾಗುತ್ತದೆ. ನಮೀಬ್‌ನಲ್ಲಿ ದಕ್ಷಿಣದ ಕಡೆಯ ಗಾಳಿ ವರ್ಷದ ಬಹುಭಾಗ ಬೀಸಿದರೂ, ಚಳಿಗಾಲದ ಕೆಲವೇ ದಿನ ಒಳನಾಡಿನಿಂದ ಜೋರಾಗಿ ಇಳಿಯುವ ಪೂರ್ವದ ಬಿಸಿಗಾಳಿಯನ್ನು ಬಿಟ್ಟು ಅಲ್ಲಿನ ದಿಣ್ಣೆಗಳನ್ನು ವಿವರಿಸಲಾಗದು.

ಗಾಳಿಯು ಮರಳನ್ನು ಆರಿಸುವ ಬಗೆಯನ್ನು ಕಣದಲ್ಲಿ ರಾಶಿ ತೂರಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವಂತೆ, ದೂಳು ಮುಗಿಲಿಗೇರಿ ನೂರಾರು ಕಿಲೋಮೀಟರ್ ಹಾರಿಹೋದ ಮೇಲೆ ಜಿಗಿದು ಜಿಗಿದು ಸಾಗುವ ನಡುವಣ ಗಾತ್ರದ ಮರಳು ದಿಣ್ಣೆಯಲ್ಲಿ ಉಳಿಯುತ್ತದೆ. ಅದರ ಕಣದ ಗಾತ್ರ ಹೆಚ್ಚಾಗಿ 0.15ರಿಂದ 0.3 ಮಿಲಿಮೀಟರ್.

ಹಾಳೆಯ ಮೇಲಿನ ಲೆಕ್ಕ

ಡೇವಿಡ್ ರೂಬಿನ್ ಮತ್ತು ರಾಲ್ಫ್ ಹಂಟರ್ 1987ರಲ್ಲಿ ಒಂದು ನಿಯಮವನ್ನು ಮಂಡಿಸಿದರು. ಏಣು ಯಾವ ದಿಕ್ಕಿಗೆ ನಿಂತರೆ ಎರಡೂ ಗಾಳಿಗಳು ಕೂಡಿ ಅದರ ಮೇಲೆ ಅಡ್ಡಲಾಗಿ ಅತಿ ಹೆಚ್ಚು ಮರಳನ್ನು ದಾಟಿಸುತ್ತವೆಯೋ ಆ ದಿಕ್ಕಿಗೇ ಏಣು ಬೆಳೆಯುತ್ತದೆ. ಒಂದು ಗಾಳಿ ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ ಮರಳು ದಾಟಿಸಿದರೂ ಎರಡನ್ನೂ ಕೂಡಿಸಬೇಕೇ ವಿನಾ ಒಂದರಿಂದ ಇನ್ನೊಂದನ್ನು ಕಳೆಯಬಾರದು, ಏಕೆಂದರೆ ಯಾವ ಕಡೆಯಿಂದ ದಾಟಿದರೂ ಮರಳು ಏಣನ್ನು ಬೆಳೆಸುತ್ತದೆ. ನೀಳ ದಿಣ್ಣೆಯ ಗುಟ್ಟು ಇರುವುದು ಇಲ್ಲಿಯೇ, ಆದ್ದರಿಂದ ಈ ಹಂತಕ್ಕೆ ಸಾವಧಾನವಾಗಿ ಒಂದು ತರಗತಿಯನ್ನೇ ಮೀಸಲಿಡಬೇಕು.

ಈ ನಿಯಮವನ್ನು ತ್ರಿಕೋನಮಿತಿಯಿಲ್ಲದೆ ಹಾಳೆಯ ಮೇಲೆ ಪರೀಕ್ಷಿಸಬಹುದು. ಒಂದು ಬಿಂದುವಿನಿಂದ ಎರಡು ಬಾಣಗಳನ್ನು ಗಾಳಿ ಹೋಗುವ ದಿಕ್ಕುಗಳಿಗೆ ಎಳೆಯಬೇಕು; ಅವುಗಳ ಉದ್ದವು ಮೇಲಿನ ಲೆಕ್ಕದಲ್ಲಿ ಬಂದ ಸಾಗಣೆಗೆ ತಕ್ಕಂತಿರಬೇಕು. ಅದೇ ಬಿಂದುವಿನ ಮೂಲಕ ಏಣನ್ನು ಸೂಚಿಸುವ ಒಂದು ಗೆರೆ ಎಳೆದು, ಪ್ರತಿ ಬಾಣದ ತುದಿಯಿಂದ ಆ ಗೆರೆಗೆ ಇರುವ ಲಂಬ ದೂರವನ್ನು ಮೂಲೆಮಟ್ಟದಿಂದ ಅಳೆದು ಕೂಡಿಸಬೇಕು. ಕೋನಮಾಪಕ ಹಿಡಿದು ಗೆರೆಯನ್ನು 10 ಡಿಗ್ರಿಗೊಮ್ಮೆ ತಿರುಗಿಸುತ್ತಾ ಹೋದರೆ ಮೊತ್ತ ಎಲ್ಲಿ ಅತಿ ಹೆಚ್ಚೋ ಅದೇ ನಿರೀಕ್ಷಿತ ಏಣು. ಉದಾಹರಣೆಗೆ, ತಲಾ 10 ಸೆಂಟಿಮೀಟರ್‌ನ ಎರಡು ಬಾಣಗಳ ನಡುವೆ 120 ಡಿಗ್ರಿ ಇರಲಿ. ಗೆರೆಯನ್ನು ಅವುಗಳ ನಟ್ಟನಡುವೆ, ಎರಡೂ ಗಾಳಿಗಳ ಸರಾಸರಿ ದಿಕ್ಕಿನಲ್ಲಿ ಎಳೆದರೆ ಮೊತ್ತ 17.3 ಸೆಂಟಿಮೀಟರ್, ಅದಕ್ಕೆ ಅಡ್ಡಲಾಗಿ ಎಳೆದರೆ 10 ಮಾತ್ರ. ಬಾಣಗಳ ನಡುವೆ 60 ಡಿಗ್ರಿ ಇಟ್ಟರೆ ಫಲಿತಾಂಶ ತಿರುಗುಮುರುಗಾಗಿ ಅಡ್ಡ ದಿಣ್ಣೆಗೆ 17.3 ಬರುತ್ತದೆ. ಸರಿಯಾಗಿ 90 ಡಿಗ್ರಿಯಲ್ಲಿ ಎರಡೂ 14.1 ಆಗಿ ಸಮನಾಗುತ್ತವೆ. ಸಮಬಲದ ಎರಡು ಗಾಳಿಗಳ ನಡುವಣ ಕೋನವು 90 ಡಿಗ್ರಿ ದಾಟಿದಾಗ ಮಾತ್ರ ದಿಣ್ಣೆಯು ಉದ್ದಕ್ಕೆ ತಿರುಗುತ್ತದೆ ಎಂಬುದು ಹೀಗೆ ವಿದ್ಯಾರ್ಥಿಯ ಕೈಯಲ್ಲೇ ಸಿದ್ಧವಾಗುತ್ತದೆ.

ಇದರ ಮುಂದಿನ ಅಭ್ಯಾಸವಾಗಿ ನಮ್ಮ ಊರಿನ ಗಾಳಿಯನ್ನೇ ತೆಗೆದುಕೊಳ್ಳಬಹುದು. ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳು ಆಷಾಢದಲ್ಲಿ ಪಶ್ಚಿಮ-ನೈಋತ್ಯಕ್ಕೂ ಚಳಿಗಾಲದಲ್ಲಿ ಪೂರ್ವ-ಈಶಾನ್ಯದ ಕಡೆಗೂ ಮುಖ ತಿರುಗಿಸುತ್ತವೆ. ಬಾಣಗಳು ಬಹುತೇಕ ಎದುರುಬದುರಾಗಿರುವುದರಿಂದ ಹಾಳೆಯ ಲೆಕ್ಕದಲ್ಲಿ ಏಣು ಎರಡೂ ಗಾಳಿಗಳಿಗೆ ಅಡ್ಡಲಾಗಿ, ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ನಿಲ್ಲುತ್ತದೆ. ಗದಗಿನ ಎರೆಭೂಮಿ ಒಂದು ವೇಳೆ ಸಡಿಲ ಮರಳಾಗಿದ್ದಿದ್ದರೆ ಇಲ್ಲಿ ಸೈಫ್ ಅಲ್ಲ, ಋತುವಿಗೊಮ್ಮೆ ಮುಖ ಬದಲಿಸುವ ಅಡ್ಡ ದಿಣ್ಣೆಗಳು ಎದ್ದಿರುತ್ತಿದ್ದವು.

ಹಲಗೆಯ ಮೇಲಿನ ಪ್ರಯೋಗ

ಗಾಳಿಯಲ್ಲಿ ಹುಟ್ಟುವ ನಿಜವಾದ ದಿಣ್ಣೆಗೆ ಕನಿಷ್ಠ ಹತ್ತಿಪ್ಪತ್ತು ಮೀಟರ್ ಉದ್ದ ಬೇಕಾಗುವುದರಿಂದ ಕೋಣೆಯೊಳಗೆ ದಿಣ್ಣೆಯನ್ನು ಬೆಳೆಸಲಾಗದು. ಆದರೆ ಮರಳಿನ ಮೇಲೆ ಏಳುವ ಸಣ್ಣ ಅಲೆಗೆರೆಗಳು ಇದೇ ದಿಕ್ಕಿನ ನಿಯಮವನ್ನು ಪಾಲಿಸುತ್ತವೆ. ರೂಬಿನ್ ಮತ್ತು ಹಂಟರ್ ಸಹ ಮರಳು ಹರಡಿದ ಹಲಗೆಯನ್ನು ಗಾಳಿಯಲ್ಲಿ ಅತ್ತಿತ್ತ ತಿರುಗಿಸಿಯೇ ತಮ್ಮ ನಿಯಮವನ್ನು ಪರೀಕ್ಷಿಸಿದರು. ಗಿಲಾವಿಗೆ ಬಳಸುವ ನದಿಯ ಸಣ್ಣ ಉಸುಕನ್ನು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಹಿಟ್ಟಿನ ಸಾಣಿಗೆಯಲ್ಲಿ ಸೋಸಿಕೊಳ್ಳಬೇಕು. ತುಂಗಭದ್ರೆಯ ಅಥವಾ ವರದೆಯ ಉಸುಕು ಆಗುತ್ತದೆ. ಎಂ-ಸ್ಯಾಂಡ್ ಬೇಡ: ಅದರ ಕಣಗಳು ಮೂಲೆಮೂಲೆಯಾಗಿರುತ್ತವೆ, ಕಲ್ಲಿನ ಪುಡಿಯೂ ಸೇರಿರುತ್ತದೆ. ಆಷಾಢ-ಶ್ರಾವಣದ ತೇವದಲ್ಲಿ ಉಸುಕು ಅಂಟಿಕೊಳ್ಳುವುದರಿಂದ ಮಾರ್ಚ್-ಏಪ್ರಿಲ್ ಈ ಪ್ರಯೋಗಕ್ಕೆ ತಕ್ಕ ಕಾಲ. ಮಕ್ಕಳೆಲ್ಲರೂ ಕನ್ನಡಕ ಮತ್ತು ಮಾಸ್ಕ್ ಧರಿಸಿರಬೇಕು. ಸಣ್ಣ ಉಸುಕಿನ ದೂಳು ಶ್ವಾಸಕೋಶಕ್ಕೆ ಹಾನಿಕರ.

ಚೌಕಾಕಾರದ ಪ್ಲೈವುಡ್ ಹಲಗೆಯ ಮೇಲೆ ಉಸುಕನ್ನು ಒಂದೆರಡು ಸೆಂಟಿಮೀಟರ್ ದಪ್ಪ ಹರಡಿ, ಹಲಗೆಯನ್ನು ತಿರುಗುವ ಸ್ಟೂಲಿನ ಮೇಲಿಟ್ಟು, ಫ್ಯಾನನ್ನು ಹತ್ತಿರದಲ್ಲಿ ಪೂರ್ಣ ವೇಗದಲ್ಲಿ ಹಚ್ಚಬೇಕು. ಫ್ಯಾನಿನ ಗಾಳಿ ಸುತ್ತುತ್ತಾ ಬರುತ್ತದೆ. ರಟ್ಟಿನ ಪಟ್ಟಿಗಳನ್ನು ಚೌಕುಳಿಯಾಗಿ ಜೋಡಿಸಿ ಮುಂದೆ ನಿಲ್ಲಿಸಿದರೆ ಅದು ಸಾಕಷ್ಟು ನೇರವಾಗುತ್ತದೆ. ಮೊದಲು ಹಲಗೆಯನ್ನು ತಿರುಗಿಸದೆ ಗಾಳಿಗೆ ಅಡ್ಡ ಗೆರೆಗಳು ಏಳುವುದನ್ನು ಕಾಣಬೇಕು. ಬಳಿಕ ಉಸುಕನ್ನು ಸಮ ಮಾಡಿ, ಹಲಗೆಯನ್ನು ಎಡಕ್ಕೆ 60 ಡಿಗ್ರಿ, ಬಲಕ್ಕೆ 60 ಡಿಗ್ರಿ ಸಮಾನ ಕಾಲಾವಧಿಗೆ ಬದಲಿಸುತ್ತಾ ಹೋಗಬೇಕು. ಒಂದು ಗಾಳಿಯು ಹಿಂದಿನ ಗಾಳಿಯ ಗೆರೆಗಳನ್ನು ಪೂರ್ತಿ ಅಳಿಸುವ ಮುನ್ನವೇ ತಿರುಗಿಸುವುದು ಇಲ್ಲಿನ ಮರ್ಮ, ಆದ್ದರಿಂದ ಅರ್ಧ ನಿಮಿಷಕ್ಕೊಮ್ಮೆ ಬದಲಿಸಿ ನೋಡಿ, ಅಗತ್ಯ ಬಿದ್ದರೆ ಅವಧಿಯನ್ನು ಕಡಿಮೆ ಮಾಡಬೇಕು. ಗೆರೆಗಳು ಎರಡು ಗಾಳಿಗಳ ನಡುವಿನ ದಿಕ್ಕಿಗೆ, ಅಂದರೆ ಉದ್ದಕ್ಕೆ ಹೊಂದಿಕೊಳ್ಳಬೇಕು. ಬಳಿಕ 20-20 ಡಿಗ್ರಿಗೆ ಇಳಿಸಿದರೆ ಮತ್ತೆ ಅಡ್ಡ ಗೆರೆಗಳೇ ಬರುತ್ತವೆ.

ಲೆಕ್ಕ ಮತ್ತು ಚಿತ್ರ ಹೊಂದದಿದ್ದಾಗ

ಹಾಳೆಯ ಏಣಿಗೂ ಚಿತ್ರದ ಏಣಿಗೂ 10-15 ಡಿಗ್ರಿ ವ್ಯತ್ಯಾಸ ಬಂದರೆ ಚಿಂತಿಸಬೇಕಾಗಿಲ್ಲ. ಅದಕ್ಕಿಂತ ಬಹಳ ಹೆಚ್ಚಾದರೆ ಮೊದಲು ಗಾಳಿಯ ಹೆಸರು ತಿರುಗಿಹೋಗಿದೆಯೇ ನೋಡಬೇಕು. ಅನಂತರ ಓಣಿಗಳನ್ನು ಗಮನಿಸಬೇಕು. ಓಣಿಯಲ್ಲಿ ಮರಳಿಲ್ಲದೆ ಗಟ್ಟಿ ನೆಲ ಕಾಣುತ್ತಿದ್ದರೆ ಲೆಕ್ಕವನ್ನೇ ಬದಲಿಸಬೇಕಾಗುತ್ತದೆ: ಮರಳು ವಿರಳವಾದಲ್ಲಿ ದಿಣ್ಣೆಯು ತನ್ನ ತುದಿಯಿಂದ ಬೆರಳಿನಂತೆ ಮುಂದಕ್ಕೆ ಚಾಚುತ್ತದೆ, ಮತ್ತು ಅದರ ದಿಕ್ಕು ಸುಮಾರಾಗಿ ಒಂದು ಬಾಣದ ತುದಿಗೆ ಇನ್ನೊಂದರ ಬುಡವನ್ನು ಜೋಡಿಸಿದಾಗ ಬರುವ ಮೊತ್ತದ ದಿಕ್ಕು. ಇದನ್ನು 2014ರಲ್ಲಿ ಕುರ್ರೆಷ್ ದ್ಯು ಪೋಂ, ನಾರ್ಟೋ ಮತ್ತು ಗಾವೋ ತೋರಿಸಿದರು. ಎರಡು ಗಾಳಿಗಳು ಸಮಬಲವಾಗಿದ್ದು ಅವುಗಳ ನಡುವಣ ಕೋನ 90 ಡಿಗ್ರಿ ದಾಟಿದ್ದರೆ ಎರಡೂ ಲೆಕ್ಕಗಳು ಒಂದೇ ಉತ್ತರ ಕೊಡುತ್ತವೆ, ಬಲ ಹೆಚ್ಚುಕಡಿಮೆಯಾದಂತೆ ಬೇರೆಯಾಗುತ್ತವೆ.

ಥಾರ್‌ನಲ್ಲಿ ಇನ್ನೂ ಎರಡು ತೊಡಕುಗಳಿವೆ. ಅಲ್ಲಿ ದಿಣ್ಣೆಗಳನ್ನು ರೂಪಿಸುವ ಮುಖ್ಯ ಗಾಳಿ ಬೇಸಿಗೆಯಿಂದ ಮುಂಗಾರಿನವರೆಗೆ ನೈಋತ್ಯದಿಂದ ಬೀಸುತ್ತದೆ, ಆದರೆ ಹೆಚ್ಚಿನ ದಿಣ್ಣೆಗಳು ನೀಳ ದಿಣ್ಣೆಗಳಲ್ಲ, ಹೆರಳಿನ ಪಿನ್ನಿನ ಆಕಾರದ ಪರವಲಯ ದಿಣ್ಣೆಗಳು. ಅವುಗಳ ಉದ್ದನೆಯ ಎರಡು ತೋಳುಗಳು ನೈಋತ್ಯಕ್ಕೆ ಚಾಚಿಕೊಂಡು ಹುಲ್ಲು-ಪೊದೆಗಳಿಂದ ಕಟ್ಟಿಹೋಗಿರುತ್ತವೆ, ಮೂಗು ಈಶಾನ್ಯಕ್ಕಿರುತ್ತದೆ. ತೋಳುಗಳನ್ನಷ್ಟೇ ಹತ್ತಿರದಿಂದ ನೋಡಿದವರು ಅವನ್ನು ನೀಳ ದಿಣ್ಣೆಗಳೆಂದು ಬರೆದುಬಿಡುತ್ತಾರೆ. ಚಿತ್ರವನ್ನು ದೂರ ಸರಿಸಿ ಈಶಾನ್ಯದ ತುದಿಯಲ್ಲಿ ಎರಡು ತೋಳುಗಳು ಬಾಗಿ ಕೂಡುತ್ತವೆಯೇ ಎಂದು ನೋಡಿದ ಮೇಲೆಯೇ ಹೆಸರು ಬರೆಯಬೇಕು. ಜೈಸಲ್ಮೇರ್ ಮತ್ತು ಬಾಡ್ಮೇರ್‌ಗಳ ಪಶ್ಚಿಮ ಭಾಗದಲ್ಲಿ ಕೂಡದೆ ಸಾಗುವ ನಿಜವಾದ ನೀಳ ದಿಣ್ಣೆಗಳು ಸಿಗುತ್ತವೆ.

ಎರಡನೆಯದು ವಯಸ್ಸಿನ ತೊಡಕು. ಜಗತ್ತಿನ ಅನೇಕ ನೀಳ ದಿಣ್ಣೆಗಳು ಕೊನೆಯ ಹಿಮಯುಗದ ಒಣ ಕಾಲಗಳಲ್ಲಿ ಬೆಳೆದವು, ಮತ್ತು ಅವುಗಳ ಒಡಲು ಅಂದಿನ ಗಾಳಿಯ ದಿಕ್ಕನ್ನು ಹಿಡಿದಿಟ್ಟುಕೊಂಡಿದೆ. ಮರಳಿನ ಕಣಕ್ಕೆ ಕೊನೆಯ ಬಾರಿ ಬಿಸಿಲು ತಾಗಿದ್ದು ಯಾವಾಗ ಎಂಬುದನ್ನು ದೀಪ್ತಿ ಕಾಲಮಾಪನದಿಂದ ಲೆಕ್ಕಹಾಕುತ್ತಾರೆ. ಥಾರ್‌ನ ದಿಣ್ಣೆಗಳ ಮೇಲೆ ಈ ಕೆಲಸವನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮಾಡಿದ್ದಾರೆ. ಆದ್ದರಿಂದ ಇಬ್ಬದಿಗಳಲ್ಲಿ ಹುಲ್ಲು, ಪೊದೆ ಅಥವಾ ಹೊಲಗಳಿರುವ ದಿಣ್ಣೆಗೆ ಇಂದಿನ ಹವಾಮಾನ ಕೇಂದ್ರದ ಗಾಳಿ ಹೊಂದದಿದ್ದರೆ ಲೆಕ್ಕವನ್ನು ತಿದ್ದಲು ಹೋಗಬಾರದು. ಚಿತ್ರದಿಂದ ಅಳೆದ ದಿಕ್ಕು, ಹಾಳೆಯಿಂದ ಬಂದ ದಿಕ್ಕು, ನೆತ್ತಿ ಬರಿದಾಗಿದೆಯೋ ಹಸಿರಾಗಿದೆಯೋ ಎಂಬ ಗುರುತು, ಚಿತ್ರದ ದಿನಾಂಕ, ಇವಿಷ್ಟನ್ನೂ ಅಕ್ಕಪಕ್ಕ ಬರೆದಿಟ್ಟು, ಗಿಡಗಳಿಲ್ಲದ ದಿಣ್ಣೆಗಳನ್ನು ಮಾತ್ರ ಇಂದಿನ ಗಾಳಿಯೊಂದಿಗೆ ಹೋಲಿಸಬೇಕು.